ಅಮೂರ್ತ ಚಿತ್ರವನ್ನು ಕುರಿತು ನಮ್ಮ ಸೀಮೆಯ ಚಿತ್ರಕಲಾ ಶಿಕ್ಷಕರಿಗೊಂದು ಬಹಿರಂಗ ಪತ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಶಾಲೆಗಳಲ್ಲಿ ಚಿತ್ರಕಲೆಯನ್ನು ಕಲಿಸುತ್ತಿರುವ ಮಾನ್ಯ ಗುರುಗಳೇ, ಗುರುಮಾತೆಯರೇ,

ಶಾಲೆಯ ವೇಳಾಪತ್ರಿಕೆಯಲ್ಲಿ ನಿಮ್ಮ ವಿಷಯಕ್ಕೆ ದೊರೆಯುವುದು ಬಹುಧಾ ದಿನದ ಕಡೆಯ ತಾಸು. ಗಣಿತದ ಪಾಠವೋ ಇಂಗ್ಲಿಷಿನ ಪಾಠವೋ ಹಿಂದೆ ಬಿದ್ದಾಗ ಆ ತಾಸು ಕೂಡ ನಿಮ್ಮ ಕೈತಪ್ಪಿ ಹೋಗುವುದುಂಟು. ಆದರೂ ಹಳ್ಳಿಯ ಮಗುವೊಂದು ತನ್ನ ಕಣ್ಣು, ಕೈ, ಮನಸ್ಸು ಈ ಮೂರನ್ನೂ ಏಕಕಾಲಕ್ಕೆ ಒಂದೇ ಕಾರ್ಯದಲ್ಲಿ ನಿಲ್ಲಿಸುವ ಅಭ್ಯಾಸವನ್ನು ಪಡೆಯುವುದು ಆ ತಾಸಿನಲ್ಲಿಯೇ ಎಂದು ದೃಢವಾಗಿ ನಂಬಿದವರಲ್ಲಿ ನಾನೊಬ್ಬನಾದುದರಿಂದ, ಬಹುದಿನಗಳಿಂದ ಮನಸ್ಸಿನಲ್ಲಿ ಮಿಡಿಯುತ್ತಿರುವ ವಿಚಾರವೊಂದನ್ನು ನಿಮ್ಮೆಲ್ಲರ ಮುಂದೆ ಬಹಿರಂಗವಾಗಿಯೇ ಇಡಬೇಕೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ.

ವಿಚಾರವು ಅಮೂರ್ತ ಚಿತ್ರಕಲೆಗೆ ಸಂಬಂಧಿಸಿದ್ದು. ಮರವಿಲ್ಲದ, ಮನೆಯಿಲ್ಲದ, ಮುಖವಿಲ್ಲದ, ಬರಿಯ ಬಣ್ಣ ರೇಖೆ ಆಕಾರಗಳ ಹೊಂದಿಕೆಯಿಂದಲೇ ನಿಂತ ಚಿತ್ರದ ಮುಂದೆ ಬಂದಾಗ ನಮ್ಮ ಜನ ಆಡುವ ಮಾತು ನಿಮಗೆಲ್ಲ ಪರಿಚಿತವೇ: "ಇದರಾಗ ಏನೂ ತಿಳಿಯಂಗಿಲ್ಲರೀ." ಹೊಲದಿಂದ ನೇರವಾಗಿ ಪ್ರದರ್ಶನಕ್ಕೆ ಬಂದ ಹಿರಿಯರು ಹಾಗೆಂದರೆ ಅದರಲ್ಲಿ ದೋಷವೇನೂ ಇಲ್ಲ; ಅವರು ತಮಗೆ ತೋರಿದುದನ್ನು ಪ್ರಾಮಾಣಿಕವಾಗಿ ನುಡಿದರು. ಆದರೆ ಅದೇ ಮಾತು ಕಲಿಸುವವರ ಬಾಯಿಂದ ಹೊರಟು, ಇನ್ನೂ ಹತ್ತು ತುಂಬದ ಮಗುವಿನ ಹಾಳೆಯ ಮೇಲೆ ಕೆಂಪು ಗೆರೆಯಾಗಿ ಬಿದ್ದಾಗ, ಆ ಮಗುವಿನೊಳಗೆ ಆಗತಾನೆ ಕಣ್ದೆರೆಯುತ್ತಿದ್ದ ಏನೋ ಒಂದು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಮುಂದೆ ಅದು ಎರಡು ಗುಡ್ಡಗಳ ನಡುವೆ ಸೂರ್ಯನನ್ನೂ, ಗುಡಿಸಲಿನ ಪಕ್ಕದಲ್ಲಿ ತೆಂಗಿನ ಮರವನ್ನೂ ಬರೆದುಕೊಟ್ಟು ನಿಮ್ಮಿಂದ ಅಂಕ ಪಡೆಯುವ ಜಾಣತನವನ್ನು ಕಲಿಯುತ್ತದೆ. ತೆಂಗು ಅಪರೂಪವಾದ ನಮ್ಮ ಎರಿಭೂಮಿಯ ಮಕ್ಕಳು ತೆಂಗನ್ನೇ ಬರೆಯುವುದನ್ನು ಕಂಡಾಗಲೆಲ್ಲ ನನ್ನ ಮನಸ್ಸು ನೊಂದಿದೆ.

ನಾನು ಹೇಳಬೇಕೆಂದಿರುವುದನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ಅಮೂರ್ತ ಚಿತ್ರದಲ್ಲಿ ಸಂಕೇತವೆಂಬುದು, ಚಿತ್ರಕಾರನು ಮೊದಲೇ ನಿಶ್ಚಯಿಸಿಕೊಂಡು ಬಣ್ಣದಡಿಯಲ್ಲಿ ಹುದುಗಿಸಿಟ್ಟ ಒಗಟೆಂದು ಅನೇಕರು ಭಾವಿಸುತ್ತಾರೆ. ಆದರೆ ನಿಜವಾದ ಸಂಕೇತವು, ಬರೆಯುತ್ತ ಬರೆಯುತ್ತ, ಕೈಯ ದೀರ್ಘಾಭ್ಯಾಸವೂ ಅಂತಃಸ್ಫುರಣವೂ ಸಂಧಿಸಿದೆಡೆಯಲ್ಲಿ, ಬರೆದವನಿಗೇ ಕಡೆಗೆ ದೊರೆಯುವಂಥದು. ಈ ಮಾತು ಪಶ್ಚಿಮದಿಂದ ಆಮದಾದ ನವೀನ ಸಿದ್ಧಾಂತವೆಂದು ತಿಳಿಯುವವರಿಗೆ, ನಮ್ಮ ಕಾಲಡಿಯ ನೆಲದಲ್ಲಿಯೇ ಅದರ ಸಾಕ್ಷ್ಯವಿದೆಯೆಂದು ತೋರಿಸುವುದು ನನ್ನ ಮೊದಲ ಕರ್ತವ್ಯ.

ಬಾಗೇವಾಡಿಯು ಬಸವಣ್ಣನವರು ಜನಿಸಿದ ಊರು. ಅವರೂ ಅವರ ಸಮಕಾಲೀನರಾದ ಶರಣರೂ 12ನೆಯ ಶತಮಾನದಲ್ಲಿ ಮನೆಮನೆಗೆ ಮುಟ್ಟಿಸಿದ ಇಷ್ಟಲಿಂಗವನ್ನು ಒಂದು ಸಲ ಚಿತ್ರಕಾರನ ಕಣ್ಣಿನಿಂದ ನೋಡಿರಿ. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ, ಆಯುಧವಿಲ್ಲ, ವಾಹನವಿಲ್ಲ. ಲೋಕದ ಯಾವ ವಸ್ತುವನ್ನೂ ಅದು ಹೋಲುವುದಿಲ್ಲ. ಕಪ್ಪು ಕಂತಿಯಿಂದ ಆವೃತವಾದ ಆ ಚಿಕ್ಕ ನುಣುಪಾದ ಆಕಾರವನ್ನು ಎಡದ ಅಂಗೈಯಲ್ಲಿರಿಸಿಕೊಂಡು, ರೆಪ್ಪೆ ಬಡಿಯದ ದೃಷ್ಟಿಯನ್ನು ಅದರ ಮೇಲೆ ನೆಟ್ಟು ಕುಳಿತ ಅಜ್ಜನನ್ನೋ ಅಜ್ಜಿಯನ್ನೋ ನಮ್ಮ ಊರುಗಳಲ್ಲಿ ಕಾಣದವರಾರು? ಆ ಅಜ್ಜಿಯನ್ನು ಯಾರೂ "ಇದು ಯಾವುದರ ಚಿತ್ರ?" ಎಂದು ಕೇಳಿದ್ದಿಲ್ಲ, ಕೇಳಿದ್ದರೆ ಆಕೆಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಆಕೆಯ ಪಾಲಿಗೆ ಆ ಕಪ್ಪು ಮತ್ತೊಂದರ ಪ್ರತಿಕೃತಿಯಾಗಿರದೆ, ನೋಡುತ್ತ ನೋಡುತ್ತ ಒಳಕ್ಕೆ ತೆರೆದುಕೊಳ್ಳುವ ಒಂದು ಸ್ಥಾನವಾಗಿದೆ. ರಷ್ಯದ ಮಲೇವಿಚ್ ಎಂಬ ಚಿತ್ರಕಾರನು 1915ರಲ್ಲಿ ಬಿಳಿಯ ನೆಲದ ಮೇಲೆ ಒಂದು ಕಪ್ಪು ಚೌಕವನ್ನು ಮಾತ್ರ ಬರೆದು, ಆ ದೇಶದ ಮನೆಗಳಲ್ಲಿ ದೇವರ ಪಟವನ್ನು ಇಡುವಂಥ ಮೇಲಿನ ಮೂಲೆಯಲ್ಲಿಯೇ, ಎಂದರೆ ನಮ್ಮ ಮನೆಯ ಜಗಲಿಯಂಥ ಸ್ಥಾನದಲ್ಲಿಯೇ, ಅದನ್ನು ಪ್ರದರ್ಶನದಲ್ಲಿ ತೂಗುಹಾಕಿದಾಗ ಅಲ್ಲಿಯ ರಸಿಕರು ಬೆಚ್ಚಿಬಿದ್ದರು. ನಮ್ಮ ಸೀಮೆಯ ಅಜ್ಜಿ ಅದನ್ನು ಕಂಡಿದ್ದರೆ ಅಷ್ಟೊಂದು ಬೆಚ್ಚುತ್ತಿರಲಿಲ್ಲವೆಂದು ನನ್ನ ಭಾವನೆ.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಒಕ್ಕಲಿಗರು ಹೊಲದಲ್ಲಿ ಬನ್ನಿಯ ಗಿಡದ ಕೆಳಗೆ ಐದು ಕಲ್ಲುಗಳನ್ನು ನಿಲ್ಲಿಸಿ, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಬಳಿಕ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಧರ್ಮರಾಜನ ಸೌಮ್ಯತೆಯನ್ನಾಗಲಿ ಭೀಮನ ದೇಹಬಲವನ್ನಾಗಲಿ ಆ ಕಲ್ಲುಗಳಲ್ಲಿ ಕೆತ್ತಿದವರಿಲ್ಲ. ಆದರೂ ಕಲ್ಲನ್ನು ಆರಿಸುವ ಹೊತ್ತಿಗೆ ರೈತನ ಕೈ ಬದುವಿನ ಗುಂಟ ಹುಡುಕುತ್ತ ಒಂದನ್ನು ಎತ್ತಿ, ಬೇಡವೆಂದು ಬಿಟ್ಟು, ಮತ್ತೊಂದನ್ನು ಎತ್ತಿ, ತಿರುವಿ ನೋಡಿ, ಇದು ಸರಿಯೆಂದು ನಿಶ್ಚಯಿಸುವುದನ್ನು ನೀವು ಗಮನಿಸಿರಬಹುದು. ಏಕೆ ಸರಿಯೆಂದು ಕೇಳಿದರೆ ಅವನು ಹೇಳಲಾರ. ಆದರೆ ತಪ್ಪು ಕಲ್ಲನ್ನು ತಂದುಕೊಟ್ಟರೆ ಅವನು ಒಪ್ಪಲಾರ. ಹೇಳಲಾರದಿದ್ದರೂ ತಪ್ಪದ ಆ ನಿಶ್ಚಯವನ್ನೇ ನಾನು ಈ ಪತ್ರದುದ್ದಕ್ಕೂ ಅಂತಃಸ್ಫುರಣವೆಂದು ಕರೆಯುತ್ತಿದ್ದೇನೆ. ಅದು ಭ್ರಮೆಯೂ ಅಲ್ಲ, ಪವಾಡವೂ ಅಲ್ಲ. ಅನೇಕ ವರುಷಗಳ ನೋಟವು ಕೈಗಿಳಿದು, ಮಾತಿಗೆ ಮೊದಲೇ ತೀರ್ಪು ಕೊಡುವ ಒಂದು ಶಕ್ತಿ.

ಹಳೆಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುವ ತಾಯಂದಿರ ಕೆಲಸದಲ್ಲಿಯೂ ಇದೇ ಶಕ್ತಿಯು ಪ್ರವರ್ತಿಸುತ್ತದೆ. ಅವರು ಮೊದಲು ಕಾಗದದ ಮೇಲೆ ನಕ್ಷೆ ಹಾಕಿಕೊಳ್ಳುವುದಿಲ್ಲ. ಕೆಂಪು ತುಂಡಿನ ಬದಿಯಲ್ಲಿ ಯಾವುದು ಕೂಡಬೇಕೆಂಬುದನ್ನು ಆ ಕೆಂಪೇ ಅವರಿಗೆ ತಿಳಿಸುತ್ತದೆ. ಬೀಸುವ ಕಲ್ಲಿನ ಪದಗಳ ಕಥೆಯೂ ಹಾಗೆಯೇ. ಹಲಸಂಗಿಯ ಗೆಳೆಯರು ನಮ್ಮ ಈ ಸೀಮೆಯ ಹಳ್ಳಿಗಳಲ್ಲಿ ತಿರುಗಿ ಕೂಡಿಸಿದ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವಾಗಿ ಹೊರಬಂದಾಗ ಕನ್ನಡದ ವಿದ್ವಾಂಸರು ಆ ಅಕ್ಷರವರಿಯದ ಹೆಣ್ಣುಮಕ್ಕಳ ಪ್ರತಿಭೆಗೆ ವಿಸ್ಮಿತರಾದರು. ಆ ಪದಗಳು ಹುಟ್ಟಿದ್ದು ನಸುಕಿನ ಕತ್ತಲಲ್ಲಿ, ತೋಳು ಗೂಟವನ್ನು ಹಿಡಿದು ಸುತ್ತುತ್ತಿರುವಾಗ. ಕೈಯ ಲಯವು ಮುಂದೆ ನಡೆಯಿತು, ಮಾತು ಅದರ ಬೆನ್ನುಹತ್ತಿ ಬಂದಿತು. ಆ ಗೆಳೆಯರ ಗುಂಪಿನ ಜೀವಾಳವಾಗಿದ್ದ ಮಧುರಚೆನ್ನರು (1903–1953) ಅರವಿಂದರ ಅನುಯಾಯಿಗಳಾಗಿ, ತರ್ಕಬುದ್ಧಿಗೆ ಮೇಲಾದ ಅರಿವಿನ ಸ್ತರಗಳಿವೆಯೆಂಬುದನ್ನು ಬರಿಯ ಪುಸ್ತಕಜ್ಞಾನವಾಗಿ ಒಪ್ಪದೆ ಸ್ವಂತ ಜೀವನದಲ್ಲಿ ಶೋಧಿಸಿದರು. 'ಪೂರ್ವರಂಗ', 'ಕಾಳರಾತ್ರಿ', 'ಬೆಳಗು' ಎಂಬ ಅವರ ಆತ್ಮಶೋಧನೆಯ ಬರಹಗಳ ಹೆಸರುಗಳನ್ನು ಕ್ರಮವಾಗಿ ಓದಿದರೂ ಸಾಕು, ಸೃಷ್ಟಿಕಾರ್ಯದಲ್ಲಿ ತೊಡಗಿದ ಯಾವನೇ ಕಲಾವಿದನು ಹಾಯಬೇಕಾದ ಹಾದಿಯು ಅಲ್ಲಿ ತೋರುತ್ತದೆ. ಇಂಥವರು ಬದುಕಿದ ನೆಲದಲ್ಲಿ ನಿಂತು, ಅಮೂರ್ತವು ನಮಗೆ ಪರಕೀಯವೆಂದು ನಾವು ಹೇಳಬಹುದೇ?

ವಿಜಾಪುರದ ಕಡೆಗೂ ಒಮ್ಮೆ ನೋಡೋಣ. ಆದಿಲ್‌ಶಾಹಿಯ ಕಾಲದ ಚಿತ್ರಕಾರರೆಂದರೆ ಸುಲ್ತಾನರ ಭಾವಚಿತ್ರಗಳನ್ನು ನೆನೆಯುತ್ತೇವೆ. ಎರಡನೆಯ ಇಬ್ರಾಹೀಮನ (ಆಳ್ವಿಕೆ 1580–1627) ಆಸ್ಥಾನದ ಆ ಚಿತ್ರಗಳ ಸೊಬಗು ನಿಸ್ಸಂದೇಹವಾಗಿ ದೊಡ್ಡದು. ಆದರೆ ಅದೇ ಕಾಲದ ಸುಮಾರಿನಲ್ಲಿ ಇಲ್ಲಿ ನಡೆದ ಇನ್ನೊಂದು ಪ್ರಯೋಗವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅಂಟು ಬೆರೆಸಿ ಗಟ್ಟಿಗೊಳಿಸಿದ ನೀರನ್ನು ಅಗಲವಾದ ತಟ್ಟೆಯಲ್ಲಿ ತುಂಬಿ, ಅದರ ಮೇಲೆ ಬಣ್ಣಗಳನ್ನು ಹನಿಸಿ ತೇಲಿಬಿಟ್ಟು, ಕಡ್ಡಿಯಿಂದಲೋ ಬಾಚಣಿಗೆಯಂಥ ಸಾಧನದಿಂದಲೋ ಮೆಲ್ಲನೆ ಎಳೆದಾಗ ಏಳುವ ಸುಳಿಗಳ ಮೇಲೆ ಕಾಗದವನ್ನು ಹಾಸಿದರೆ, ಆ ಕ್ಷಣದ ಸುಳಿಯು ಹಾಗೆಯೇ ಕಾಗದಕ್ಕೆ ಅಂಟಿ ಬರುತ್ತದೆ. ಅದೇ ಸುಳಿ ಎರಡನೆಯ ಸಲ ಬರಲಾರದು. ದಖ್ಖನಿನ ಕಲಾವಿದರು ಇಷ್ಟಕ್ಕೆ ನಿಲ್ಲದೆ, ಬೇಕಾದ ಭಾಗವನ್ನು ಮಾತ್ರ ತೆರೆದಿಟ್ಟು ಉಳಿದುದನ್ನು ಮರೆಮಾಡಿ, ಆ ಸುಳಿಗಳಿಂದಲೇ ಆಕೃತಿಗಳನ್ನು ಪಡೆದರು. ಎಲುಬು ಕಾಣುವಂತೆ ಸೊರಗಿದ ಕುದುರೆಯ ಮೇಲೆ ಕುಳಿತ ಸವಾರನ ಚಿತ್ರವೊಂದು, 1625ರ ಸುಮಾರಿಗೆ ವಿಜಾಪುರದಲ್ಲಿ ರಚಿತವಾದುದೆಂದು ವಿದ್ವಾಂಸರು ಎಣಿಸಿರುವುದು, ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಆ ಕುದುರೆಯ ಮೈಯೆಲ್ಲ ಬಣ್ಣದ ಸುಳಿ. ಆಕಸ್ಮಿಕವಾಗಿ ಬಂದ ಆ ಸುಳಿಯೇ ಅದರ ಹಸಿವಾಗಿಯೂ ನೋವಾಗಿಯೂ ನಮ್ಮನ್ನು ತಟ್ಟುತ್ತದೆ. ನೀರಿನ ಚಲನೆಯನ್ನು ಕಲಾವಿದನು ಆಳಲಿಲ್ಲ. ಆದರೆ ಯಾವ ಕ್ಷಣದಲ್ಲಿ ಕಾಗದವನ್ನು ಇಳಿಸಬೇಕೆಂಬುದನ್ನು ಅವನು ಬಲ್ಲವನಾಗಿದ್ದ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯನ್ನು ನಾನು ಎದುರಿಸಬೇಕು. ಇಷ್ಟಲಿಂಗವೂ ಪಾಂಡವರ ಕಲ್ಲುಗಳೂ ಸಮುದಾಯದ ಸಂಕೇತಗಳು. ಹುಟ್ಟಿದ ಮಗು ಅವುಗಳ ನಡುವೆಯೇ ಬೆಳೆಯುವುದರಿಂದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂದಿನ ಚಿತ್ರಕಾರನಾದರೋ ಏಕಾಕಿ. ಅವನ ಕ್ಯಾನ್ವಾಸಿನ ಮೇಲಣ ತ್ರಿಕೋನಕ್ಕೆ ಹಬ್ಬವಿಲ್ಲ, ನೈವೇದ್ಯವಿಲ್ಲ, ಹಾಡಿಲ್ಲ. ಅದನ್ನು ತನ್ನದೆಂದು ಒಪ್ಪಿಕೊಳ್ಳುವ ಊರೂ ಇಲ್ಲ. ಈ ವ್ಯತ್ಯಾಸವು ಸಣ್ಣದಲ್ಲ. ಆಧುನಿಕ ಅಮೂರ್ತ ಕಲೆಯ ಕಷ್ಟವೆಲ್ಲ ಇದರಿಂದಲೇ ಹುಟ್ಟಿತೆಂದು ನಾನು ತಿಳಿದಿದ್ದೇನೆ. ಸಮುದಾಯವು ಶತಮಾನಗಳಲ್ಲಿ ಮಾಡಿದ ಕೆಲಸವನ್ನು ಅವನು ತನ್ನ ಒಂದೇ ಆಯುಷ್ಯದಲ್ಲಿ, ತನ್ನೊಳಗೆ ತಾನೇ ಮಾಡಬೇಕಾಗಿದೆ. ಆದುದರಿಂದ ಅವನ ಸಂಕೇತವು ಪಕ್ವವಾಗಲು ಕಾಲ ಬೇಕು. ನೋಡುವವರಲ್ಲಿ ತಾಳ್ಮೆ ಬೇಕು.

ಎಷ್ಟು ಕಾಲ ಬೇಕೆಂಬುದಕ್ಕೆ ಚಿತ್ರಕಾರ ಸೈಯದ್ ಹೈದರ್ ರಝಾ ಅವರ (1922–2016) ಜೀವನವೇ ಪ್ರಮಾಣ, ಮತ್ತು ಆ ಕಥೆಯಲ್ಲಿ ಒಬ್ಬ ಶಾಲಾಮಾಸ್ತರರು ಇರುವುದರಿಂದ ಅದನ್ನು ನಿಮಗೆ ವಿಶೇಷವಾಗಿ ಹೇಳಬಯಸುತ್ತೇನೆ. ಮಧ್ಯಪ್ರದೇಶದ ಕಾಡುಸೀಮೆಯ ಹಳ್ಳಿಶಾಲೆಯಲ್ಲಿ ಮನಸ್ಸು ನಿಲ್ಲದೆ ಅಲೆಯುತ್ತಿದ್ದ ಆ ಬಾಲಕನನ್ನು ಮಾಸ್ತರರು ಬಡಿಯಲಿಲ್ಲ, ಬಯ್ಯಲಿಲ್ಲ. ಗೋಡೆಯ ಮೇಲೆ ಒಂದು ಚುಕ್ಕೆಯನ್ನಿಟ್ಟು ಅದನ್ನೇ ನೋಡುತ್ತ ಕುಳಿತಿರಲು ಹೇಳಿದರು. ಹುಡುಗ ಬೆಳೆದು ನಾಗಪುರ, ಮುಂಬಯಿಗಳಲ್ಲಿ ಕಲಿತು, 1950ರಲ್ಲಿ ಪ್ಯಾರಿಸಿಗೆ ಹೋಗಿ, ಫ್ರಾನ್ಸಿನ ಹಳ್ಳಿಗಳ ದೃಶ್ಯಗಳನ್ನು ವರುಷಗಟ್ಟಲೆ ಬರೆದು ಕೀರ್ತಿವಂತನಾದ. ಆ ದೃಶ್ಯಗಳಲ್ಲಿ ಮನೆಗಳು ಕ್ರಮೇಣ ಕರಗಿ ಬಣ್ಣದ ಹೊಡೆತಗಳಾದವು. ಬಣ್ಣವು ತಾನಾಗಿಯೇ ಒಂದು ಕೇಂದ್ರವನ್ನು ಅರಸತೊಡಗಿತು. ಕಡೆಗೆ, ಐವತ್ತು ದಾಟಿದ ವಯಸ್ಸಿನಲ್ಲಿ, ಚಿತ್ರದ ನಡುವೆ ಒಂದು ಕಪ್ಪು ಬಿಂದುವು ಬಂದು ನಿಂತಿತು. ಅಲ್ಲಿಂದ ಮುಂದೆ ಜೀವಿತದ ಕೊನೆಯವರೆಗೂ ಅವರ ಕಲೆಯು ಆ ಬಿಂದುವಿನ ಸುತ್ತಲೇ ಹಬ್ಬಿತು. ಇಪ್ಪತ್ತನೆಯ ವಯಸ್ಸಿನಲ್ಲಿಯೇ ತತ್ತ್ವಗ್ರಂಥವನ್ನೋದಿ ಬಿಂದುವೆಂದರೆ ಸೃಷ್ಟಿಯ ಬೀಜವೆಂದು ತಿಳಿದುಕೊಂಡು ಅವರು ಕಪ್ಪು ವೃತ್ತವನ್ನು ಬರೆದಿದ್ದರೆ, ಜ್ಯಾಮಿತಿಯ ಆಕೃತಿಯೊಂದು ಹುಟ್ಟುತ್ತಿತ್ತೇ ಹೊರತು ಸಂಕೇತವು ಹುಟ್ಟುತ್ತಿರಲಿಲ್ಲ. ಬಾಲ್ಯದಲ್ಲಿ ಕಣ್ಣಿಗೆ ಬಿದ್ದು ಮರೆತುಹೋದ ಚುಕ್ಕೆಯು, ಸಹಸ್ರಾವಧಿ ಕುಂಚದ ಹೊಡೆತಗಳ ಕೆಳಗೆ ಕಾದಿದ್ದು, ಕಾಲ ಕೂಡಿಬಂದಾಗ ಮೇಲೆದ್ದಿತು.

ಅಮೂರ್ತ ಚಿತ್ರವನ್ನು ಬರೆಯುವಾಗ ನಿಜವಾಗಿ ಏನು ನಡೆಯುತ್ತದೆಂಬುದನ್ನು ಅರಿಯದೆಯೇ ನಾವು ಅದನ್ನು ಹೊಗಳುವುದೋ ಹಳಿಯುವುದೋ ರೂಢಿಯಾಗಿದೆ. ಚಿತ್ರಕಾರನು ಬರಿಯ ನೆಲದ ಮೇಲೆ ಮೊದಲಿನ ಬಣ್ಣವನ್ನು ಹಚ್ಚುತ್ತಾನೆ. ಆ ಒಂದು ಬಣ್ಣದಿಂದಲೇ ಉಳಿದ ಬಿಳಿಯ ಸ್ವಭಾವವು ಬದಲಾಗುತ್ತದೆ. ಬದಲಾದ ಬಿಳಿಯು ಎರಡನೆಯ ಬಣ್ಣವನ್ನು ಬೇಡುತ್ತದೆ. ಅವನು ಹಚ್ಚುತ್ತಾನೆ, ಹಿಂದೆ ಸರಿದು ನೋಡುತ್ತಾನೆ, ಕೆರೆಯುತ್ತಾನೆ, ಒರೆಸುತ್ತಾನೆ, ತಿಳಿಯಾದ ಬಣ್ಣದ ಪದರವೊಂದನ್ನು ಮೇಲೆ ಎಳೆಯುತ್ತಾನೆ. ತೈಲವರ್ಣದಲ್ಲಿ ಕೆಲಸ ಮಾಡುವವನಾದರೆ ತಳದ ಪದರಗಳಲ್ಲಿ ಎಣ್ಣೆ ಕಡಿಮೆಯಾಗಿಯೂ ಮೇಲಿನವುಗಳಲ್ಲಿ ಹೆಚ್ಚಾಗಿಯೂ ಇರಬೇಕೆಂಬ ನಿಯಮವನ್ನು ಅವನು ಮೀರುವಂತಿಲ್ಲ. ಮೀರಿದರೆ ಕಾಲಾನಂತರ ಬಣ್ಣವು ಬಿರಿಯುತ್ತದೆ. ಎಂದರೆ, ಹುಚ್ಚು ಹೊಳೆಯಂತೆ ತೋರುವ ಸ್ಫುರಣದ ಕೆಳಗೆ ಕಸುಬಿನ ಕಟ್ಟುನಿಟ್ಟಾದ ದಂಡೆ ಇದ್ದೇ ಇದೆ. ಚಿತ್ರಕಾರ ವಾಸುದೇವ ಗಾಯ್ತೊಂಡೆಯವರು (1924–2001) ಕುಂಚಕ್ಕಿಂತ ಹೆಚ್ಚಾಗಿ ರೋಲರನ್ನೂ ಬಣ್ಣ ಕೆರೆಯುವ ಅಲಗನ್ನೂ ಬಳಸಿ, ಬಣ್ಣವನ್ನು ಹಾಕಿ, ಎತ್ತಿ, ಮತ್ತೆ ಹಾಕಿ, ವರುಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳನ್ನು ಮಾತ್ರ ಮುಗಿಸುತ್ತಿದ್ದರು. ಉಳಿದ ಕಾಲವೆಲ್ಲ ಕಾಯುವುದರಲ್ಲಿ ಕಳೆಯುತ್ತಿತ್ತು. ಆ ಕಾಯುವಿಕೆಯೂ ಚಿತ್ರದ ಕೆಲಸವೇ. ಮ್ಯೂನಿಕ್ ನಗರದಲ್ಲಿದ್ದ ಚಿತ್ರಕಾರ ಕಾಂಡಿನ್‌ಸ್ಕಿಯು ಒಂದು ಸಂಜೆ ತನ್ನ ಕೋಣೆಗೆ ಹಿಂದಿರುಗಿದಾಗ ಯಾವ ವಸ್ತುವೂ ಗುರುತು ಹತ್ತದ, ಒಳಗಿನಿಂದ ಬೆಳಗುವ ಅಪೂರ್ವ ಚಿತ್ರವೊಂದನ್ನು ಕಂಡು ಬೆರಗಾಗಿ, ಹತ್ತಿರ ಹೋಗಿ ನೋಡಿದರೆ ಅದು ಅಡ್ಡವಾಗಿ ಒರಗಿಸಿಟ್ಟ ತನ್ನದೇ ಚಿತ್ರವಾಗಿತ್ತೆಂದು ಆತನೇ ಬರೆದಿಟ್ಟಿದ್ದಾನೆ. ಅಂಥ ಆಕಸ್ಮಿಕಗಳು ಎಲ್ಲರ ಮನೆಯಲ್ಲಿಯೂ ಆಗುತ್ತವೆ. ಅವನ್ನು ಆಕಸ್ಮಿಕವೆಂದು ಬಿಟ್ಟುಕೊಡದೆ ಹಿಡಿದು ನಿಲ್ಲಿಸುವ ಕಣ್ಣು ಸಿದ್ಧವಾಗಿರಬೇಕು.

ಈ ಸಿದ್ಧತೆಯನ್ನೇ ನಮ್ಮ ಆಲಂಕಾರಿಕರು ಅಭ್ಯಾಸವೆಂದು ಕರೆದು, ಕಾವ್ಯಕ್ಕೆ ಕಾರಣವಾದ ಶಕ್ತಿ ಮತ್ತು ನಿಪುಣತೆಗಳ ಜೊತೆಯಲ್ಲಿ ಅದನ್ನೂ ಸಮಾನವಾಗಿ ಎಣಿಸಿದರು. ಕರ್ನಾಟಕದ ಚಿತ್ರಕಾರರನ್ನೇ ನೋಡಿದರೂ, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ರೇಖೆಯ ಲಯವನ್ನು ಮೈಯಲ್ಲಿ ತುಂಬಿಕೊಳ್ಳಲೆಂದು ಕಥಕ್ ನೃತ್ಯವನ್ನು ಅಭ್ಯಾಸಮಾಡಿದರು; ಮುಂದೆ ಅವರ ರೇಖೆಗೆ ಹಾಡುವ ಗುಣ ಬಂದಿತೆಂದು ರಸಿಕರು ಕೊಂಡಾಡಿದ್ದು ಸುಮ್ಮನೆಯಲ್ಲ. ಮೈಸೂರಿನಲ್ಲಿ ಜನಿಸಿ ಮದ್ರಾಸಿನಲ್ಲಿ ಕೆ. ಸಿ. ಎಸ್. ಪಣಿಕ್ಕರರ ಶಿಷ್ಯರಾದ ಎಸ್. ಜಿ. ವಾಸುದೇವ್ ಅವರು ವೃಕ್ಷವೆಂಬ ಒಂದೇ ಆಕಾರವನ್ನು ಬಣ್ಣದಲ್ಲಿ, ತಾಮ್ರದ ತಗಡಿನಲ್ಲಿ ಮತ್ತೆ ಮತ್ತೆ ಬೆನ್ನಟ್ಟಿದರು. ನಮ್ಮ ನೆರೆಯ ಬಾದಾಮಿಯಿಂದ ಹೋದ ಆರ್. ಎಂ. ಹಡಪದ ಅವರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಸ್ಥಾಪಿಸಿ, ತಾವು ಬರೆಯುವುದಕ್ಕಿಂತ ಹೆಚ್ಚಾಗಿ ಇತರರಲ್ಲಿ ಬರೆಯುವ ಧೈರ್ಯವನ್ನು ತುಂಬುವುದರಲ್ಲಿ ಆಯುಷ್ಯವನ್ನು ಸವೆಸಿದರು; ಇಂದು ಲೋಕಪ್ರಸಿದ್ಧರಾದ ಶೀಲಾ ಗೌಡ ಅವರಂಥವರು ಆ ಶಾಲೆಯಲ್ಲಿ ಕಲಿತವರು. ಹಡಪದರ ಹೆಸರು ನಮ್ಮ ಶಾಲೆಗಳಲ್ಲಿ ಕೇಳಿಬರದಿರುವುದು ನನಗೆ ಸಹಿಸಲಾಗದ ಸಂಗತಿ.

ಇಷ್ಟು ಹೇಳಿದ ಮೇಲೆ, ಅಮೂರ್ತದ ಹೆಸರಿನಲ್ಲಿ ನಡೆಯುವ ಸುಲಭವಾದ ಕೆಲಸವನ್ನೂ ನಾನು ನಿಷ್ಠುರವಾಗಿ ನಿರಾಕರಿಸಬೇಕಾಗಿದೆ. ಓಂಕಾರವನ್ನೋ ಶ್ರೀಚಕ್ರವನ್ನೋ ಕಮಲವನ್ನೋ ನಡುವೆ ಬರೆದು, ಸುತ್ತಲೂ ನೀಲಿ ಕೇಸರಿಗಳ ಮಬ್ಬನ್ನು ಹರಡಿ, ಕೆಳಗೆ 'ಚೈತನ್ಯ'ವೆಂದು ಹೆಸರಿಟ್ಟರೆ ಅದು ಸಾಂಕೇತಿಕ ಚಿತ್ರವಾಗಲಾರದು, ಅದು ಎರವಲು. ತಂತ್ರಕಲೆಯು ದೇಶವಿದೇಶಗಳಲ್ಲಿ ಬಳಕೆಯ ಮಾತಾದ 1960ರ ಬಳಿಕಿನ ದಶಕಗಳಲ್ಲಿ ಇಂಥ ಎರವಲು ಬಹಳ ನಡೆಯಿತು. ಕಾಶ್ಮೀರದ ಗುಲಾಮ್ ರಸೂಲ್ ಸಂತೋಷರಂಥ ಕೆಲವರು ತಮ್ಮ ನಾಡಿನ ಶೈವದರ್ಶನವನ್ನು ಬದುಕಿನಲ್ಲಿ ಅರಗಿಸಿಕೊಂಡು ಬರೆದರು; ಅವರನ್ನು ಅನುಕರಿಸಿದವರು ಆಕೃತಿಯನ್ನು ಮಾತ್ರ ಕೊಂಡೊಯ್ದರು. ಇವೆರಡರ ಭೇದವನ್ನು ಕಂಡುಕೊಳ್ಳುವುದು ಹೇಗೆಂದು ನೀವು ಕೇಳಬಹುದು. ಒಬ್ಬನ ಒಂದೇ ಚಿತ್ರವನ್ನು ನೋಡಿ ತೀರ್ಮಾನಿಸಬೇಡಿರಿ. ಬೇರೆ ಬೇರೆ ವರುಷಗಳ ಹಲವು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿರಿ. ಯಾವುದೋ ಒಂದು ಆಕಾರವೋ ವರ್ಣಸಂಬಂಧವೋ ಅವುಗಳಲ್ಲಿ ಹಿಂದಿರುಗಿ ಬರುತ್ತಿದ್ದರೆ, ಬಂದಾಗಲೆಲ್ಲ ಅಷ್ಟಿಷ್ಟು ಬೆಳೆದು ಬದಲಾಗಿದ್ದರೆ, ಅಲ್ಲಿ ಸಂಕೇತವೊಂದು ಜೀವಂತವಾಗಿದೆ. ಏನೂ ಹಿಂದಿರುಗದಿದ್ದರೆ ಅದು ಚಾಪಲ್ಯ; ಹಿಂದಿರುಗಿದ್ದು ಇದ್ದಂತೆಯೇ ಇದ್ದರೆ ಅದು ಅಂಗಡಿಯ ಮುದ್ರೆ.

ಅರ್ಥದ ಪ್ರಶ್ನೆಯೊಂದು ಉಳಿಯಿತು. ಒಂಬತ್ತನೆಯ ಶತಮಾನದ ಆನಂದವರ್ಧನನು ಕಾವ್ಯದ ಆತ್ಮವು ಧ್ವನಿಯೆಂದು ಸ್ಥಾಪಿಸಿದುದನ್ನು, ಧಾರವಾಡದಲ್ಲಿ ಅಧ್ಯಾಪಕರಾಗಿದ್ದ ಕೆ. ಕೃಷ್ಣಮೂರ್ತಿಯವರು ಕನ್ನಡಿಗರಿಗೆ ತಿಳಿಗನ್ನಡದಲ್ಲಿಯೇ ಒದಗಿಸಿಕೊಟ್ಟಿದ್ದಾರೆ. ಹೇಳಿದ ಮಾತಿನ ಆಚೆಗೆ ಹೊಳೆಯುವ ಅರ್ಥವೇ ಕಾವ್ಯದಲ್ಲಿ ಪ್ರಧಾನವೆಂದು ಒಪ್ಪುವ ನಾವು, ಬಣ್ಣದ ಆಚೆಗೆ ಹೊಳೆಯುವುದನ್ನು ಚಿತ್ರದಲ್ಲಿ ಏಕೆ ಒಪ್ಪಬಾರದು? ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ನೆನೆಯಿರಿ. ಅಲ್ಲಿ ವಸ್ತುಗಳು ಲೋಕದ ಕ್ರಮದಲ್ಲಿ ಕೂಡಿಬರುವುದಿಲ್ಲ. ಓದಿದ ಮರುಕ್ಷಣ ಬುದ್ಧಿಯು ಸೋಲುತ್ತದೆ, ಆದರೆ ಮನಸ್ಸು ಅಲ್ಲಿಂದ ಕದಲಲೊಲ್ಲದು. ಶತಮಾನಗಳಿಂದ ಟೀಕಾಕಾರರು ಅವುಗಳಿಗೆ ಅರ್ಥ ಬರೆಯುತ್ತಲೇ ಬಂದಿದ್ದಾರೆ, ಮತ್ತು ಆ ವಚನಗಳು ಇನ್ನೂ ತೀರಿಲ್ಲ. ವಿಜಾಪುರದಲ್ಲಿ ಕುಳಿತು ಫ. ಗು. ಹಳಕಟ್ಟಿಯವರು (1880–1964) ಓಲೆಗರಿಗಳಿಂದ ಈ ವಾಙ್ಮಯವನ್ನು ಉಳಿಸಿ ಅಚ್ಚುಹಾಕಿಸಲು ಮನೆಮಾರನ್ನು ಲೆಕ್ಕಿಸದೆ ದುಡಿದುದು, ತಟ್ಟನೆ ತಿಳಿಯದ ಮಾತಿಗೂ ಬೆಲೆಯಿದೆಯೆಂಬ ನಂಬಿಕೆಯಿಂದಲೇ ಅಲ್ಲವೇ? ಅದೇ ಗೌರವವನ್ನು ತಟ್ಟನೆ ತಿಳಿಯದ ಚಿತ್ರಕ್ಕೂ ಸಲ್ಲಿಸಿರೆಂದು ನಾನು ಬೇಡುತ್ತಿದ್ದೇನೆ.

ಹಾಗಾದರೆ ತರಗತಿಯಲ್ಲಿ ಮಾಡತಕ್ಕದ್ದೇನು? ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಮಕ್ಕಳನ್ನು ಅಣಿಗೊಳಿಸುವ ಹೊಣೆ ನಿಮ್ಮ ಮೇಲಿರುವುದನ್ನು ನಾನು ಬಲ್ಲೆ. ಬಿಂದಿಗೆಯನ್ನು ಬಿಂದಿಗೆಯಂತೆಯೇ ಬರೆಯಲು ಕಲಿಸುವುದು ಅಗತ್ಯವಾದ ಕಾರ್ಯ, ಅದನ್ನು ಬಿಡಿರೆಂದು ಹೇಳಲಾರೆ. ಸಾದೃಶ್ಯವನ್ನು ಬರೆಯಬಲ್ಲ ಕೈಯೇ ಮುಂದೆ ಸಾದೃಶ್ಯವನ್ನು ದಾಟಲೂ ಬಲ್ಲದು. ಆದರೆ ಅದರ ಜೊತೆಯಲ್ಲಿ ವಾರಕ್ಕೊಂದು ತಾಸನ್ನಾದರೂ ಹೆಸರಿಲ್ಲದ ಚಿತ್ರಕ್ಕೆ ಬಿಟ್ಟುಕೊಡಿರಿ. ಬಣ್ಣದ ಡಬ್ಬಿ ಎಲ್ಲ ಮಕ್ಕಳಲ್ಲಿ ಇರದಿದ್ದರೆ ಕಾವಿ, ಸುಣ್ಣ, ಕಾಡಿಗೆ, ಅರಿಷಿಣ ಇವು ಎಲ್ಲ ಮನೆಗಳಲ್ಲಿಯೂ ಇವೆ. ಅರಿಷಿಣದ ಹಳದಿಗೆ ಸುಣ್ಣದ ನೀರು ಸೋಕಿದೊಡನೆ ಅದು ಕೆಂಪಾಗುವುದನ್ನು ಮಗು ತನ್ನ ಹಾಳೆಯ ಮೇಲೆಯೇ ಕಾಣಲಿ. ತಾನು ಹಚ್ಚಿದ ಬಣ್ಣವು ತಾನೆಣಿಸದ ಬಣ್ಣವಾಗಿ ತನ್ನೆದುರಿಗೇ ಮಾರ್ಪಡುವುದನ್ನು ಕಂಡ ಮಗುವಿಗೆ ಅಮೂರ್ತ ಕಲೆಯ ಮೊದಲ ಪಾಠವನ್ನು ಬೇರೆ ಹೇಳಬೇಕಾಗಿಲ್ಲ. ಅದು ಬರೆಯುತ್ತಿರುವಾಗ ಬಗ್ಗಿ ನೋಡಿ "ಏನಿದು?" ಎಂದು ಕೇಳದಿರಿ; ಹೆಪ್ಪು ಹಾಕಿದ ಹಾಲನ್ನು ಹೊತ್ತುಹೊತ್ತಿಗೆ ಅಲುಗಿಸಿ ನೋಡುವವರಿಗೆ ಮೊಸರು ದಕ್ಕುವುದಿಲ್ಲ. ಮುಗಿದ ಮೇಲೆ ಕೇಳುವುದಾದರೆ, "ಮೊದಲು ಯಾವ ಬಣ್ಣ ಬಂತು, ಆಮೇಲೆ ಇದು ಇಲ್ಲಿಗೆ ಯಾಕ ಬಂತು, ತಂಗೀ?" ಎಂದು ಕೇಳಿರಿ. ಉತ್ತರ ಬಾರದಿದ್ದರೂ ಚಿಂತೆಯಿಲ್ಲ. ಅದರ ಹಳೆಯ ಹಾಳೆಗಳನ್ನು ಕಸಕ್ಕೆ ಹಾಕದೆ ದಿನಾಂಕ ಹಾಕಿ ತೆಗೆದಿಡಿರಿ. ವರುಷದ ಕೊನೆಯಲ್ಲಿ ಅವನ್ನೆಲ್ಲ ಸಾಲಾಗಿ ಹರಡಿದಾಗ, ಹಿಂದಿರುಗಿ ಬಂದ ಆಕಾರ ಯಾವುದೆಂಬುದನ್ನು ಮಗುವೇ ಬೆರಳಿಟ್ಟು ತೋರಿಸೀತು.

ಇನ್ನೊಂದು ವಿಜ್ಞಾಪನೆ. ಪ್ರವಾಸಕ್ಕೆಂದು ಮಕ್ಕಳನ್ನು ವಿಜಾಪುರಕ್ಕೆ ಕರೆದೊಯ್ದಾಗ ಗೋಲಗುಮ್ಮಟದಲ್ಲಿ ಕೂಗಿಸಿ ಪ್ರತಿಧ್ವನಿ ಕೇಳಿಸಿ ಹಿಂದಿರುಗುವುದು ನಮ್ಮ ವಾಡಿಕೆ. ಅಲ್ಲಿಂದ ಇಬ್ರಾಹೀಮ ರೋಜಾಕ್ಕೂ ಕರೆದುಕೊಂಡು ಹೋಗಿರಿ. ಅಲ್ಲಿಯ ಗೋರಿಯ ಕೋಣೆಯ ಕಿಟಕಿಗಳಲ್ಲಿ ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲಂಧ್ರವಾಗಿಸಿದ್ದಾರೆ. ಆ ಲಿಪಿಯನ್ನು ನಮ್ಮ ಮಕ್ಕಳು ಓದಲಾರರು, ಆದರೆ ಅದರ ಸಂದಿನಿಂದ ಒಳಗೆ ಬೀಳುವ ಬೆಳಕನ್ನು ನೋಡಬಲ್ಲರು. ಕೆ. ಸಿ. ಎಸ್. ಪಣಿಕ್ಕರರು 1963ರಿಂದಾಚೆಗೆ ಬರೆದ 'ಶಬ್ದಗಳು ಮತ್ತು ಸಂಕೇತಗಳು' ಎಂಬ ಮಾಲಿಕೆಯಲ್ಲಿ ಓದಲಾಗದ ಅಕ್ಷರಗಳನ್ನೂ ಜಾತಕದ ಮನೆಗಳಂಥ ಚೌಕಗಳನ್ನೂ ತುಂಬಿದರಲ್ಲ, ಆ ಚಿತ್ರಗಳನ್ನು ಚೆನ್ನೈಗೆ ಹೋಗಿ ನೋಡುವ ಅನುಕೂಲ ನಮ್ಮ ಮಕ್ಕಳಿಗೆ ಇಲ್ಲದಿರಬಹುದು. ರೋಜಾದ ಕಿಟಕಿಯಾದರೋ ಬಸ್ಸಿನ ಹಾದಿಯಲ್ಲಿಯೇ ಇದೆ. ಮಕ್ಕಳನ್ನು ಅದರೆದುರು ಅರ್ಧ ತಾಸು ಸುಮ್ಮನೆ ಕೂಡ್ರಿಸಿ, ಕೈಗೆ ಹಾಳೆ ಕೊಟ್ಟು, ಕಂಡುದನ್ನಾಗಲಿ ಕಾಣದುದನ್ನಾಗಲಿ ಅವರು ತಿಳಿದಂತೆ ಬರೆಯಲಿ ಎಂದು ಬಿಡಿರಿ.

ಮತ್ತು ಬರುವ ಶಾಲಾ ಪ್ರದರ್ಶನದಲ್ಲಿ ಗುಡ್ಡ, ಸೂರ್ಯ, ತೆಂಗುಗಳ ಸಾಲಿನಲ್ಲಿಯೇ, ಅವುಗಳಿಗೆ ಸಮನಾದ ಎತ್ತರದಲ್ಲಿ, ಹೆಸರಿಲ್ಲದ ಇಂಥ ಹಾಳೆಗಳಲ್ಲಿ ಕೆಲವನ್ನಾದರೂ ತೂಗುಹಾಕಿರಿ. ಊರಿನ ಹಿರಿಯರು ಬಂದು "ಇದರಾಗ ಏನೂ ತಿಳಿಯಂಗಿಲ್ಲ" ಎಂದರೆ, ಬರೆದ ಮಗುವಿನ ಪರವಾಗಿ ಅದರ ಪಕ್ಕದಲ್ಲಿ ನೀವು ನಿಂತಿರಿ. ಇಷ್ಟನ್ನು ಈ ವರುಷವೇ ಆರಂಭಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಲಚ್ಯಾಣದ ಒಬ್ಬ ಚಿತ್ರಪ್ರಿಯ